ಟಿ.ವಿ. ಮುಂದೆ ಕುಳಿತ ಹಿರಿಯ ಮಗ

ಮಳವಳ್ಳಿ ತಾಲ್ಲೂಕು ನೆಟ್ಕಲ್ ಗ್ರಾಮದ ಡ್ರೋನ್ ಪ್ರತಾಪ್ ಅವರನ್ನು ಮಂಡ್ಯ, ಮದ್ದೂರು ಕಡೆ ಅರಿಯದವರಿಲ್ಲ. ಡ್ರೋನ್ ತಯಾರಿಕೆಯ ಬಗ್ಗೆ ಅವರು ಹೇಳಿಕೊಂಡದ್ದು ನಿಜವಲ್ಲವೆಂದು 2020ರಲ್ಲಿ ಬಯಲಾಯಿತು. ಸುಳ್ಳನ್ನು ಸುಳ್ಳೆನ್ನಲೇಬೇಕು. ಆದರೆ ‘ಕಾಗೆ ಹಾರಿಸಿದವ’ ಎಂಬ ನಗೆ ಅಲ್ಲಿಗೇ ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಅವರು ಬಿಗ್ ಬಾಸ್ ಕನ್ನಡದ 10ನೇ ಸರಣಿಗೆ ಹೋದಾಗ ಜೊತೆಯ ಸ್ಪರ್ಧಿಗಳೂ ಅದನ್ನೇ ಹಿಡಿದು ಆಡಿಕೊಂಡರು. ಜಪಸರ ಮುಗಿಸಿ ಟಿ.ವಿ. ಹಾಕಿದ ನಮ್ಮ ಮನೆಗಳಲ್ಲೂ ನಕ್ಕವರುಂಟು. ಬೈಯಲೆಂದೇ ಒಬ್ಬರನ್ನು ನೋಡುವುದು, ಅದೂ ಒಂದು ರುಚಿ. (ನಾವು ಬೈದಷ್ಟೂ ವಾಹಿನಿಗೆ ಲಾಭವೇ!)

ಎಂಟನೆಯ ಕಟ್ಟಳೆ ಸುಳ್ಳುಸಾಕ್ಷಿಗೆ ಮಾತ್ರ ಎಂದುಕೊಳ್ಳುತ್ತೇವೆ. ಧರ್ಮಸಭೆಯ ಧರ್ಮೋಪದೇಶದ 2477ನೇ ಪರಿಚ್ಛೇದ, ತಕ್ಕ ಕಾರಣವಿಲ್ಲದೆ ಪರರ ನಿಜವಾದ ತಪ್ಪನ್ನು ತಿಳಿಯದವರ ಮುಂದೆ ಎತ್ತಾಡುವುದನ್ನೂ ದೋಷವೆನ್ನುತ್ತದೆ. ತಿಳಿಯದವರೆಂದರೆ ನಮ್ಮ ಪಕ್ಕದಲ್ಲೇ ಕುಳಿತ ಮಕ್ಕಳು.

ಅದೇ ಸರಣಿಯಲ್ಲಿ, ದೂರವಾಗಿದ್ದ ಹೆತ್ತವರು ಬಂದು ಮಗನನ್ನು ಕಂಡರು. ನಕ್ಕವರೂ ಕಣ್ಣೊರೆಸಿಕೊಂಡರು. 2024ರ ಜನವರಿಯಲ್ಲಿ ಅವರಿಗೆ ಎರಡನೇ ಸ್ಥಾನ ಬಂತು.

ಈ ವಾರ ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯ, 25ರಿಂದ 32ರ ವಚನಗಳನ್ನು ಮನೆಯವರೆಲ್ಲ ಕೂಡಿ ಓದಿ. ತಮ್ಮ ಆಸ್ತಿ ಹಾಳುಮಾಡಿದ್ದು ನಿಜವೇ. ಆದರೂ ಮನೆಯ ಹೊರಗೆ ನಿಂತವನು ಅಣ್ಣ; ಅವನನ್ನು ಕರೆಯಲೂ ತಂದೆಯೇ ಎದ್ದು ಬಂದ.