ಫರ್ಸಿಗೆ ಆಸಿಡ್ ಸುರಿಯುವ ಮುನ್ನ

ನಮ್ಮ ಬೀದರ್ ಜಿಲ್ಲೆಯ ಬಗದಲ್ ಕಡೆಯ ಹಳೆ ಮನೆಗಳಲ್ಲಿ ಕಾಲಡಿಗೆ ಶಹಾಬಾದ್ ಫರ್ಸಿ, ಮೂಲೆಯಲ್ಲಿ ಕರಿಕಲ್ಲಿನ ಬೀಸುಕಲ್ಲು. ಎರಡನ್ನೂ ‘ಕಲ್ಲೇ ತಾನೆ’ ಎಂದು ಒಂದೇ ಥರ ತಿಕ್ಕಿ ತೊಳೆಯುತ್ತೀರಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ಹಬ್ಬ ಬಂತೆಂದರೆ ಫರ್ಸಿಯ ಕಲೆಗೆ ಆಸಿಡ್ ಸುರಿಯುತ್ತೀರಿ. ಬುಸ್ಸೆಂದು ನೊರೆ ಎದ್ದರೆ ಕೊಳೆ ಬಿಡುತ್ತಿದೆ ಎಂದು ಹಿಗ್ಗಬೇಡಿ, ಕರಗುತ್ತಿರುವುದು ಕಲ್ಲೇ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಹುಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ನುಣುಪು ಕಳೆದುಕೊಂಡು ಒರಟಾಗುತ್ತದೆ. ಆಮೇಲೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನಿಸಿಕೊಳ್ಳಬೇಡಿ. ಸೋಪಿನ ನೀರು ಸಾಕು. ಲಿಂಬೆರಸ, ಹುಣಸೆ ಹುಳಿ ಚೆಲ್ಲಿದರೆ ಆಗಲೇ ಒರೆಸಿ.

ಫರ್ಸಿ ಹೀಗೆ ಹುಳಿಗೆ ಕರಗುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಕಲಬುರಗಿ ಕಡೆಯ ಭೀಮಾ ಸೀಮೆಯಲ್ಲಿ ಪುರಾತನ ಸಮುದ್ರದ ತಳಕ್ಕೆ ಸುಣ್ಣದ ಕೆಸರು ಪದರು ಪದರಾಗಿ ಇಳಿದು ಗಟ್ಟಿಯಾದದ್ದು ಇದು. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವಲ್ಲ, ಹಾಗೆ. ಶಾಲೆಯ ಪುಸ್ತಕದಲ್ಲಿ ಕಣಶಿಲೆ ಎನ್ನುತ್ತಾರೆ. ಪದರಿನ ಗುಂಟ ಸೀಳುವುದರಿಂದಲೇ ಅಷ್ಟು ಸಲೀಸಾಗಿ ಹಾಸುಗಲ್ಲು ಆಗುತ್ತದೆ.

ನಮ್ಮ ಕರಿಕಲ್ಲು ಅಗ್ನಿಶಿಲೆ, ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಮೇಲೆ ಹರಿದ ಲಾವಾ ಬೇಗ ಆರಿದ್ದರಿಂದ ಅದರ ಹರಳು ಕಣ್ಣಿಗೆ ಕಾಣದಷ್ಟು ಸಣ್ಣವು. ಗುಡ್ಡಗಳು ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಕಣಶಿಲೆ ಎಂದು ಮಕ್ಕಳಿಗೆ ಹೇಳಿಬಿಡಬೇಡಿ. ಅವು ಒಂದರ ಮೇಲೊಂದು ಹರಿದ ಲಾವಾದ ಪದರುಗಳು.

ಬಣ್ಣ ನೋಡಿಯೂ ತೀರ್ಮಾನ ಮಾಡಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವುದೆಲ್ಲ ಕರಿಕಲ್ಲೂ ಅಲ್ಲ. ನೆನೆದ ಶಹಾಬಾದ್ ಕಲ್ಲೂ ಕಪ್ಪಗೇ ಕಾಣುತ್ತದೆ. ಕಬ್ಬಿಣದ ಮೊಳೆಯಿಂದ ಗೀರಿ ನೋಡಿ. ಸುಣ್ಣದಕಲ್ಲಿಗೆ ಗೀರು ಬಿದ್ದು ಪುಡಿ ಉದುರುತ್ತದೆ; ಆ ಪುಡಿಗೆ ಲಿಂಬೆರಸ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತದೆ. ಗಟ್ಟಿ ಕರಿಕಲ್ಲಿನ ಮೇಲೆ ಮೊಳೆಯ ಲೋಹದ ಗೆರೆ ಮೂಡಬಹುದು, ಅದನ್ನೇ ಗೀರು ಅನ್ನಬೇಡಿ. ಕೈಯಿಂದ ಉಜ್ಜಿ ನೋಡಿ, ಹಳ್ಳ ಬಿದ್ದಿರುವುದಿಲ್ಲ. ಕರಿಕಲ್ಲಿನ ತೂತುಗಳಲ್ಲಿ ಬಿಳಿ ಹರಳು ತುಂಬಿರುವುದುಂಟು. ಅದು ಕ್ಯಾಲ್ಸೈಟ್ ಆಗಿದ್ದರೆ ಅಲ್ಲೂ ಗುಳ್ಳೆ ಬರುತ್ತದೆ. ರಸ ಹಾಕುವುದು ಕಪ್ಪು ಭಾಗಕ್ಕೆ ಮಾತ್ರ.

ಚಟ್ನಿ ಅರೆಯಲು ಕಲ್ಲು ಕೊಳ್ಳುವಾಗಲೂ ಇಷ್ಟು ಪರೀಕ್ಷೆ ಮಾಡಿ. ಸುಣ್ಣದಕಲ್ಲಾದರೆ ಹುಣಸೆ ಅದನ್ನು ತಿನ್ನುತ್ತದೆ, ಉದುರಿದ ಪುಡಿಯನ್ನು ನೀವು ತಿನ್ನುತ್ತೀರಿ.

ಬೀದರ್ ಕೋಟೆಯ ಕೆಂಪು ಕಲ್ಲನ್ನು ಈ ಎರಡರ ಲೆಕ್ಕಕ್ಕೂ ಸೇರಿಸಬೇಡಿ. ಅದು ಜಂಬಿಟ್ಟಿಗೆ. ಕರಿಕಲ್ಲೇ ಎಷ್ಟೋ ಕಾಲದ ಮಳೆ ಬಿಸಿಲಿಗೆ ಕೊಳೆತು, ಕಬ್ಬಿಣದ ಅಂಶ ಉಳಿದು ಆದದ್ದು. ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಕಲ್ಲು ಬೇಕೆಂದು ಕೋಟೆಯ ಗೋಡೆ ಕೆತ್ತಬೇಡಿ, ಅದು ಸಂರಕ್ಷಿತ ಸ್ಮಾರಕ.

ರಸ್ತೆ ಬದಿಯ ಜಲ್ಲಿಯನ್ನೂ ಎತ್ತಿಕೊಂಡು ಬರಬೇಡಿ. ಲಾರಿಯಲ್ಲಿ ಯಾವ ಊರಿಂದ ಬಂದದ್ದೋ ಯಾರು ಬಲ್ಲರು! ನಿಮ್ಮದೇ ಹೊಲದ ಬದುವಿನ ಕಲ್ಲು ತನ್ನಿ, ಸಿಕ್ಕ ಜಾಗವನ್ನು ಚೀಟಿಯಲ್ಲಿ ಬರೆದು ಅದಕ್ಕೇ ಅಂಟಿಸಿ.