ಥೆರಪಿ ಫಲ ಕೊಡಬೇಕೇ? ಇಲ್ಲಿವೆ ಏಳು ಸೂತ್ರಗಳು

ವಾರಕ್ಕೊಮ್ಮೆ ಹೋಗಿ ಅತ್ತು ಬಂದರೆ ಎದೆ ಹಗುರಾಗಬಹುದು, ತೊಂದರೆ ಹೋಗುವುದಿಲ್ಲ. ಯಾವ ತೊಂದರೆಗೆ ಯಾವ ವಿಧಾನ ಎಂದು ತಿಳಿದು, ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡಿದರೆ ಗುಣ ಕಾಣುತ್ತದೆ. ಚೆನ್ನೈನ ತಿರುವೊಟ್ಟಿಯೂರಿನಲ್ಲಿರುವ ಕನ್ನಡಿಗರಿಗೂ ಬೆಂಗಳೂರಿನವರಿಗೂ ಇದು ಒಂದೇ.

1. ಗುರಿಯನ್ನು ಬರೆದಿಡಿ
‘ನೆಮ್ಮದಿ ಬೇಕು’ ಎಂದರೆ ಅಳೆಯುವುದು ಹೇಗೆ? ‘ಒಬ್ಬಳೇ ಮೆಟ್ರೋ ಹತ್ತಬೇಕು’ ಎಂದು ಬರೆಯಿರಿ. ತಿಂಗಳಿಗೊಮ್ಮೆ ಎಷ್ಟು ದೂರ ಬಂದಿರಿ ಎಂದು ಥೆರಪಿಸ್ಟ್ ಜೊತೆ ನೋಡಿ.

2. ಯೋಚನೆಗೆ ಪುರಾವೆ ಕೇಳಿ
ಮಗ ಫೋನ್ ಎತ್ತಲಿಲ್ಲ, ‘ಏನೋ ಆಗಿಹೋಗಿದೆ’ ಎಂದು ಜೀವ ಹಾರುತ್ತದೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ನಡೆದದ್ದು, ಹೊಳೆದದ್ದು, ಪುರಾವೆ, ಬೇರೆ ಸಾಧ್ಯತೆ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಿಂದ ಬೆಳೆದ ಸಿಬಿಟಿಯ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಮುಖ್ಯ ಕಸರತ್ತು ಇದು.

3. ಭಯವನ್ನು ಹಂತ ಹಂತವಾಗಿ ಎದುರಿಸಿ
ಸುರಂಗದ ಭಯವೇ? ಮೊದಲು ತಿರುವೊಟ್ಟಿಯೂರು ಮೆಟ್ರೋ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಲ್ಲಿ. ಆಮೇಲೆ ತೇರಡಿವರೆಗೆ ಒಂದೇ ಸ್ಟಾಪ್. ನಂತರ ಟೋಲ್‌ಗೇಟ್. ಅಲ್ಲಿವರೆಗೂ ರೈಲು ಮೇಲುಸೇತುವೆಯಲ್ಲೇ ಓಡುತ್ತದೆ. ನೆಲದಡಿಯ ತೊಂಡಿಯಾರ್‌ಪೇಟೆ ಕೊನೆಗಿರಲಿ. ಎದೆಬಡಿತ ತಾನಾಗಿ ಇಳಿಯುವ ತನಕ ಅಲ್ಲೇ ಇರಿ. ನಡುವೆ ಓಡಿಹೋದರೆ ಭಯ ಇನ್ನಷ್ಟು ಬೇರೂರುತ್ತದೆ. ಹಂತಗಳನ್ನು ಥೆರಪಿಸ್ಟ್ ಜೊತೆ ಕೂತೇ ಗೊತ್ತುಮಾಡಿ.

4. ಉತ್ಸಾಹ ಬರಲಿ ಎಂದು ಕಾಯಬೇಡಿ
ಖಿನ್ನತೆಯಲ್ಲಿ ಕೆಲಸ ಮೊದಲು, ಹುರುಪು ಆಮೇಲೆ. ಬೆಳಿಗ್ಗೆ ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ಗುಡಿಗೆ ಒಂದು ಸುತ್ತು, ಸಂಜೆ ಗೆಳತಿಗೊಂದು ಫೋನ್: ವೇಳೆ ಗೊತ್ತುಮಾಡಿ, ಮನಸ್ಸಿಲ್ಲದಿದ್ದರೂ ಮಾಡಿ. ಗೋವಾದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಈ ವಿಧಾನದಿಂದ ತೀವ್ರ ಖಿನ್ನತೆಯವರಿಗೆ ನೆರವಾದರು. ಅದರ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು.

5. ಅದೇ ಜಗಳ ಮರುಕಳಿಸಿದರೆ ಬುಡ ಹುಡುಕಿ
ಅಪ್ಪನ ಮೇಲಿನ ಸಿಟ್ಟು ಮೇಲಧಿಕಾರಿಯ ಮೇಲೆ ತಿರುಗುತ್ತಿದ್ದರೆ ಹಳೆಯ ಅನುಭವ ಕೆದಕುವ ಮನೋವಿಶ್ಲೇಷಣೆಯ ದಾರಿ ಹೊಂದೀತು. ಅದಕ್ಕೆ ಸಮಯ ಹಿಡಿಯುತ್ತದೆ. ಗಂಡ-ಹೆಂಡತಿಯ ತಕರಾರಾದರೆ ಇಬ್ಬರೂ ಒಟ್ಟಿಗೆ ಹೋಗಿ.

6. ಗಂಭೀರ ಕಾಯಿಲೆಗೆ ಮಾತೊಂದೇ ಸಾಲದು
ಸ್ಕಿಜೋಫ್ರೇನಿಯಾಕ್ಕೆ ಔಷಧಿ, ಮನೆಯವರ ತಿಳಿವಳಿಕೆ, ಮಾಡಲೊಂದು ಕೆಲಸ ಮೂರೂ ಬೇಕು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಇದನ್ನೇ ಪಟ್ಟು ಹಿಡಿದು ಮಾಡಿದವರು. ಚೆನ್ನೈನ ಕಿಲ್ಪಾಕ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಅವರು 1984ರಲ್ಲಿ ಸ್ಕಿಜೋಫ್ರೇನಿಯಾಕ್ಕೆಂದೇ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

7. ಮನೆಮಾತಿನಲ್ಲೇ ಹೇಳಿಕೊಳ್ಳಿ
ಅಂಗಡಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ನಡೆದೀತು. ಸಂಕಟಕ್ಕೆ ಕನ್ನಡವೇ ಸಲೀಸು ಎನಿಸಿದರೆ ಕನ್ನಡ ಬಲ್ಲವರನ್ನು ಹುಡುಕಿ, ವಿಡಿಯೋ ಕಾಲ್ ಆದರೂ ಸರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲಿಂದ ಶುರುಮಾಡುವುದೋ ತೋಚದಿದ್ದರೆ, ಸಾಯುವ ಯೋಚನೆ ಬಂದರಂತೂ ತಡಮಾಡದೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಈ ಟೆಲಿ-ಮಾನಸ್ ಸೇವೆ ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ. ಭಾಷೆಗಳಲ್ಲಿ ಕನ್ನಡವೂ ಇದೆ.