ಬದುವಿನ ಬೇಲಿಗೆ ಕವಳೆ, ಬೋರೆ, ಕಾರೆ

ರಾಮಗಿರಿಯ ಕರಿಸಿದ್ಧೇಶ್ವರ ಬೆಟ್ಟದ ಸುತ್ತಲಾಗಲಿ, ಹೊಸದುರ್ಗ, ಹಿರಿಯೂರಿನ ಕಲ್ಲುಗುಡ್ಡಗಳಲ್ಲಾಗಲಿ, ಯಾರೂ ನೆಡದೆ, ನೀರು ಹಾಕದೆ ಬೆಳೆದ ಹಣ್ಣಿನ ಪೊದೆಗಳು ಇಂದಿಗೂ ಇವೆ: ಕವಳೆ, ಕಾರೆ, ಪರಗಿ, ಬೋರೆ (ಎಲಚಿ). ಮಳೆ ಕೈಕೊಟ್ಟ ವರ್ಷವೂ ಇವು ಸಾಯುವುದಿಲ್ಲ. ದಾಳಿಂಬೆ, ಅಡಿಕೆ ತೋಟದ ಸುತ್ತ ಕಲ್ಲುಕಂಬ, ತಂತಿ ಬಂದ ಕಡೆ ಮಾತ್ರ ಹಳೆಯ ಮುಳ್ಳುಬೇಲಿಯ ಜೊತೆ ಇವೂ ಜೆಸಿಬಿ ಪಾಲಾಗುತ್ತಿವೆ. ಮುಖ್ಯ ಬೆಳೆಯ ಜಾಗ ಬಿಟ್ಟುಕೊಡದೆ ಬದುವಿನಲ್ಲೇ ಇವನ್ನು ಬೆಳೆಸಬಹುದು. ದನಕರು ಒಳನುಗ್ಗುವುದಿಲ್ಲ, ಮನೆಗೆ ಹಣ್ಣು ಸಿಗುತ್ತದೆ, ಹಕ್ಕಿಗೂ ಮೇವಾಗುತ್ತದೆ.

ಮೊದಲು ಕವಳೆ

ಬೇಲಿಗೆ ಕವಳೆಯಷ್ಟು ಒಗ್ಗುವ ಗಿಡ ಕಡಿಮೆ. ಜೋಡಿ ಮುಳ್ಳು, ದಟ್ಟ ಕೊಂಬೆ, ವರ್ಷವಿಡೀ ಹಸಿರು. ಗುಡ್ಡದ ಸಣ್ಣ ಕವಳೆಯ ಹಣ್ಣು ಕಪ್ಪಗೆ, ಸಿಹಿಯಾಗಿರುತ್ತದೆ. ಉಪ್ಪಿನಕಾಯಿಗೆ ದೊಡ್ಡ ಕಾಯಿಯ ಕವಳೆಯೇ ಸರಿ.

ಕವಳೆ ಬೀಜವನ್ನು ಕೂಡಿಡುವಂತಿಲ್ಲ, ಒಣಗಿದರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಿಗುವ ಕಳಿತ ಹಣ್ಣಿನ ಬೀಜ ತೊಳೆದು ಆಗಲೇ ಪಾಲಿಥಿನ್ ಚೀಲಕ್ಕೆ ಹಾಕಿ. ಮುಂದಿನ ಮುಂಗಾರಿಗೆ ಸಸಿ ಸಿದ್ಧವಾಗಿರುತ್ತದೆ. ಬೀಜಕ್ಕಾಗಿ ಮೀಸಲು ಅರಣ್ಯಕ್ಕೆ ಹೋಗಬೇಡಿ, ಅಲ್ಲಿನ ಗಿಡ ಕೀಳಬೇಡಿ. ಊರ ಬೇಲಿಗಳಲ್ಲಿ ಚೆನ್ನಾಗಿ ಕಾಯಿ ಕಚ್ಚುವ ಗಿಡ ಗುರುತಿಸಿಟ್ಟುಕೊಳ್ಳಿ.

ಬೇಲಿಗಾದರೆ ಗಿಡದಿಂದ ಗಿಡಕ್ಕೆ 3 ಅಡಿ ಸಾಕು. ಹಣ್ಣಿಗಾಗಿಯೇ ಸಾಲು ಹಾಕುವವರು 3 ಮೀಟರ್ ಬಿಡಲಿ. ಒಂದೂವರೆ ಅಡಿ ಗುಣಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮೊದಲೆರಡು ಬೇಸಿಗೆ ಬುಡಕ್ಕೆ ಸೊಪ್ಪಿನ ಹೊದಿಕೆ, ಆಗಾಗ ನೀರು ಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಮೂರನೇ ವರ್ಷದ ಹೊತ್ತಿಗೆ ಕಾಯಿ ಬಿಡಲು ತೊಡಗುತ್ತದೆ.

ಬೋರೆಗೆ ಕಸಿ

ಬೋರೆಯ ತಾಯಿಬೇರು ಆಳಕ್ಕಿಳಿಯುತ್ತದೆ. ಚೀಲದಲ್ಲಿ ಹೆಚ್ಚು ದಿನ ಬೆಳೆಸಿದರೆ ಬೇರು ಸುರುಳಿ ಸುತ್ತಿಕೊಳ್ಳುವುದರಿಂದ ಬದುವಿನಲ್ಲೇ ಗೊರಟೆ ಊರಿ. ಚಿಗುರು ಪೆನ್ಸಿಲ್ ದಪ್ಪವಾದಾಗ ಮಳೆಗಾಲದಲ್ಲಿ ಉಮ್ರಾನ್, ಗೋಲಾದಂಥ ತಳಿಯ ಕಣ್ಣು ಕಸಿ ಮಾಡಿಸಬಹುದು. ಎಲ್ಲಕ್ಕೂ ಕಸಿ ಬೇಡ, ಕೆಲವು ನಾಟಿ ಗಿಡವಾಗಿಯೇ ಉಳಿಯಲಿ.

ಬೋರೆ ಕಾಯಿ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಎಲೆ ಉದುರುವ ಏಪ್ರಿಲ್–ಮೇ ತಿಂಗಳಲ್ಲಿ ಕೊಂಬೆ ಸವರಬೇಕು. ಹಣ್ಣು ನೊಣದ ಹುಳ ಬಿದ್ದ ಹಣ್ಣುಗಳನ್ನು ಆಯ್ದು ನಾಶಮಾಡಿ. ಅದರ ಕೋಶ ಮಣ್ಣಿನಲ್ಲಿರುವುದರಿಂದ ಬೇಸಿಗೆಯಲ್ಲಿ ಬುಡದ ಮಣ್ಣು ಕೆದಕಿ ಬಿಸಿಲಿಗೆ ಒಡ್ಡಿ. ಮಳೆಗಾಲದ ಕೊನೆಯಲ್ಲಿ ಬಿಡುವ ಬೋರೆಯ ಹೂವಿಗೆ ಜೇನು ಮುತ್ತುತ್ತದೆ. ಆಗ ಕೀಟನಾಶಕ ಸಿಂಪಡಿಸಬೇಡಿ.

ಹಕ್ಕಿಗೆಷ್ಟು, ಕರಡಿಗೆಷ್ಟು?

ಪಿಕಳಾರ, ಗೊರವಂಕ, ಕೋಗಿಲೆ ಈ ಹಣ್ಣು ತಿಂದು ಬೀಜ ಹರಡುತ್ತವೆ. ಲಂಟಾನ ಹಬ್ಬಿದ್ದೂ ಹೀಗೆಯೇ. ಬೇಲಿಯಲ್ಲಿ ಲಂಟಾನ, ಬಳ್ಳಾರಿ ಜಾಲಿ ಇದ್ದರೆ ಒಮ್ಮೆಗೇ ಎಲ್ಲ ಕಿತ್ತು ಬದು ಬರಿದು ಮಾಡಬೇಡಿ. ವರ್ಷಕ್ಕಿಷ್ಟು ಉದ್ದ ಬುಡಸಹಿತ ತೆಗೆದು, ಆ ಜಾಗಕ್ಕೆ ಕವಳೆ, ಕಾರೆ ಕೂರಿಸಿ.

ಜೋಗಿಮಟ್ಟಿಯಂಥ ಕಾಡಿನಂಚಿನ ಹೊಲಗಳಲ್ಲಿ ಕರಡಿಯ ಲೆಕ್ಕವನ್ನೂ ಇಡಬೇಕು. ಬೋರೆ, ಪರಗಿ ಎರಡೂ ಕರಡಿಗೆ ಇಷ್ಟ. ಇವು ಗುಡ್ಡದ ಕಡೆಯ ಬದುವಿನಲ್ಲಿರಲಿ, ಅಲ್ಲಿನ ಹಣ್ಣು ಕೀಳದೆ ಬಿಡಿ. ಮನೆ, ಕೊಟ್ಟಿಗೆ, ಮಕ್ಕಳು ಓಡಾಡುವ ದಾರಿಯ ಪಕ್ಕ ಇವು ಬೇಡವೇ ಬೇಡ. ಮನೆ ಕಡೆಗೆ ಉಪ್ಪಿನಕಾಯಿ ಕವಳೆ ಹಾಕಿ, ಕಾಯಿ ಕಳಿಯುವ ಮುನ್ನವೇ ಬಿಡಿಸಿ. ಹಣ್ಣಿನ ಕಾಲದಲ್ಲಿ ಮುಂಜಾನೆಯ ಮಬ್ಬಿನಲ್ಲಿ, ಸಂಜೆ ಕತ್ತಲಾದ ಮೇಲೆ ಪೊದೆಗಳತ್ತ ಒಬ್ಬರೇ ಹೋಗಬೇಡಿ. ಬೇಲಿಯ ತಂತಿಗೆ ನೇರವಾಗಿ ಕರೆಂಟ್ ಹರಿಸುವುದು ಅಪರಾಧ, ಮನುಷ್ಯರ ಜೀವಕ್ಕೂ ಕುತ್ತು.

ಕೊಯ್ಲು, ಬಳಕೆ

ಕವಳೆ ಕಾಯಿ ಕಿತ್ತಾಗ ಹಾಲು ಒಸರುತ್ತದೆ. ತೊಟ್ಟು ತೆಗೆದು ಉಪ್ಪುನೀರಿನಲ್ಲಿ ನೆನೆಸಿ, ತೊಳೆದು ಬಳಸಿ. ಕಾಯಿ ಉಪ್ಪಿನಕಾಯಿಗೆ, ಗೊಜ್ಜಿಗೆ ಹೊಂದುತ್ತದೆ. ಪೆಕ್ಟಿನ್ ಹೆಚ್ಚಿರುವುದರಿಂದ ಜೆಲ್ಲಿಯೂ ಚೆನ್ನಾಗಿ ಕಟ್ಟುತ್ತದೆ. ಕಳಿತ ಹಣ್ಣು ಎರಡು ಮೂರು ದಿನಕ್ಕಿಂತ ಹೆಚ್ಚು ತಾಳದು, ದೂರದ ಮಾರುಕಟ್ಟೆ ನಂಬಿ ಕೊಯ್ಯಬೇಡಿ. ಬೋರೆಯನ್ನು ಒಣಗಿಸಿ, ಬೆಲ್ಲ, ಉಪ್ಪು, ಖಾರ ಸೇರಿಸಿ ಕುಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮಹಿಳಾ ಸ್ವಸಹಾಯ ಸಂಘಗಳು ಸಂತೆಯಲ್ಲಿ ಮಾರಲು ಇಂಥ ತಿನಿಸೇ ಅನುಕೂಲ.

ಈ ಮುಂಗಾರಿಗೆ ಒಂದೇ ಬದುವಿನಿಂದ ಶುರುಮಾಡಿ. ನೂರು ಅಡಿಗೆ 3 ಅಡಿ ಅಂತರದಲ್ಲಿ ಸುಮಾರು 34 ಸಸಿ ಬೇಕು, ಸತ್ತ ಗಿಡಗಳ ಜಾಗಕ್ಕೆಂದು ಐದಾರು ಹೆಚ್ಚೇ ಇರಲಿ. ಸಸಿ, ಕಸಿಕಡ್ಡಿಗಾಗಿ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಮತ್ತು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಬೇಸಿಗೆಯಲ್ಲೇ ವಿಚಾರಿಸಿ. ಮಳೆ ಬಿದ್ದ ಮೇಲೆ ಹೋದವರಿಗೆ ಬೇಕಾದ ಸಸಿ ಸಿಗುವುದು ಕಷ್ಟ.